ಹಸಿರುಮನೆಗೆ ಸ್ಪ್ರೇ ಫೋಮ್: ಮೊದಲು ಸಂದು, ಆಮೇಲೆ ಗೋಡೆ

ಕತ್ತಲಾಗುತ್ತಿದ್ದಂತೆ ಹಸಿರುಮನೆ ತಣ್ಣಗಾಗುತ್ತದೆ, ಹೀಟರ್ ರಾತ್ರಿಯಿಡೀ ಬಿಡುವಿಲ್ಲದೆ ಓಡುತ್ತದೆ ಅಂದರೆ ಬಹಳಷ್ಟು ಜನರಿಗೆ ಮೊದಲು ಹೊಳೆಯುವುದು ಗೋಡೆಗೆ ಸ್ಪ್ರೇ ಫೋಮ್ ಹೊಡೆದುಬಿಡೋಣ ಅಂತ. ಯೋಚನೆ ತಪ್ಪಲ್ಲ, ಕ್ರಮ ತಪ್ಪು. ಗೋಡೆಗೆ ದುಡ್ಡು ಸುರಿದು ತಳದ ಸಂದುಗಳನ್ನು ಹಾಗೇ ಬಿಟ್ಟರೆ ತೂತು ಕೊಡಕ್ಕೆ ಹೊರಗಿನಿಂದ ಬಣ್ಣ ಬಳಿದ ಹಾಗೆ.

ಲೆಕ್ಕ ಹಾಕಿ ನೋಡೋಣ. 6 ಮೀಟರ್ ಉದ್ದ, 3 ಮೀಟರ್ ಅಗಲದ ಹಸಿರುಮನೆ. ಪಕ್ಕದ ಗೋಡೆ 2 ಮೀಟರ್ ಎತ್ತರ, ಮೇಲೆ ಎರಡು ಇಳಿಜಾರಿನ ಚಾವಣಿ. ಸುತ್ತಲೂ 10 ಮಿಮೀ ದಪ್ಪದ ಎರಡು ಪದರದ ಪಾಲಿಕಾರ್ಬೊನೇಟ್ (ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್) ಹಾಳೆ. ಒಟ್ಟು ಮೈ ಸುಮಾರು 59 ಚದರ ಮೀಟರ್, ಒಳಗಿನ ಗಾಳಿ 43 ಘನ ಮೀಟರ್. ಇಂಥ ಹಾಳೆಯಲ್ಲಿ ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಹೊರಗೆ 0, ಒಳಗೆ 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಾಳೆಗಳ ಮೂಲಕವೇ 2,650 ವ್ಯಾಟ್ ನಷ್ಟ. ಇದರ ಮೇಲೆ ಸಂದುಗಳಿಂದ ಗಾಳಿ ಸೋರುತ್ತದೆ. ಸಡಿಲ ಜೋಡಣೆಯ ಮನೆಯಲ್ಲಿ ಗಂಟೆಗೆ 3 ಸಲ ಒಳಗಿನ ಗಾಳಿ ಪೂರ್ತಿ ಬದಲಾಗುವುದು ಹೊಸದೇನಲ್ಲ. ಅದರ ಲೆಕ್ಕ ಸುಮಾರು 640 ವ್ಯಾಟ್.

ಈಗ ಹೊರಗಿನಿಂದ ಬಿಸಿಲು ಬೀಳದ ಉದ್ದ ಗೋಡೆಗೆ, ಅಂದರೆ 12 ಚದರ ಮೀಟರಿಗೆ, 50 ಮಿಮೀ ಕ್ಲೋಸ್ಡ್ ಸೆಲ್ (ಗುಳ್ಳೆಗಳು ಮುಚ್ಚಿಕೊಂಡಿರುವ ಗಟ್ಟಿ ಬಗೆಯ) ಫೋಮ್ ಹೊಡೆದರೆ ಅಲ್ಲಿನ ನಷ್ಟ 540 ವ್ಯಾಟ್‌ನಿಂದ ಸುಮಾರು 80ಕ್ಕೆ ಇಳಿಯುತ್ತದೆ. ಉಳಿತಾಯ 460. ಸಂದು ಮುಚ್ಚಿ ಗಾಳಿಯ ಬದಲಾವಣೆಯನ್ನು ಗಂಟೆಗೆ 3ರಿಂದ 1ಕ್ಕೆ ತಂದರೆ ಉಳಿತಾಯ 425. ಹತ್ತಿರಹತ್ತಿರ ಅಷ್ಟೇ. ಒಂದಕ್ಕೆ ಎರಡು ಸಿಲಿಂಡರಿನ ಕಿಟ್ಟು, ರಕ್ಷಣಾ ಉಡುಪು, ಒಂದಿಡೀ ದಿನ ಬೇಕು. ಇನ್ನೊಂದಕ್ಕೆ ಎರಡು ಮೂರು ಕ್ಯಾನು ಫೋಮ್ ಮತ್ತು ಒಂದು ಮಧ್ಯಾಹ್ನ ಸಾಕು. ಎರಡನ್ನೂ ಮಾಡಿದರೂ ಒಟ್ಟು ನಷ್ಟದಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ, ಅಷ್ಟೇ. ಉಳಿದದ್ದು ಬೆಳಕು ಬರುವ ಹಾಳೆಯದೇ ಪಾಲು. ಅದಕ್ಕೆ ರಾತ್ರಿ ಎಳೆಯುವ ಪರದೆಯೇ ಮದ್ದು. ಬೆಳಕು ಬರುವ ಮೈಗೆ ಫೋಮ್ ಹೊಡೆದರೆ ಅದು ಹಸಿರುಮನೆಯಾಗಿ ಉಳಿಯುವುದಿಲ್ಲ, ಉಗ್ರಾಣವಾಗುತ್ತದೆ. ಇನ್ನು ನಿಮ್ಮ ತೊಂದರೆ ಚಳಿಯಲ್ಲ, ಸೆಕೆ ಅಂತಾದರೆ ಈ ಕೆಲಸವೇ ಬೇಡ. ಕಿಟಕಿ ಮತ್ತು ನೆರಳುಬಲೆಗೆ ಖರ್ಚು ಮಾಡಿ.

ಎಲ್ಲೆಲ್ಲಿ ಹೊಡೆಯಬಹುದು? ಭೂಮಧ್ಯರೇಖೆಯಿಂದ ದೂರದ ಉತ್ತರ ಗೋಳಾರ್ಧದಲ್ಲಿ ಉತ್ತರದ ಗೋಡೆ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣದ ಗೋಡೆ. ಹಾಳೆಯ ಕೆಳಗಿನ ಮೊಣಕಾಲೆತ್ತರದ ಕಟ್ಟೆ. ತಳಪಾಯ ಮತ್ತು ಚೌಕಟ್ಟಿನ ತಳಪಟ್ಟಿ ಕೂಡುವ ಜಾಗ. ಬಾಗಿಲ ಚೌಕಟ್ಟಿನ ಸುತ್ತ. ಪೈಪು, ವೈರು ಒಳಗೆ ಬರುವ ತೂತುಗಳು. ವರ್ಷದ ಬಹುಪಾಲು ಮೋಡವೇ ಇರುವ ಕಡೆ ಬೆಳಕು ಎಲ್ಲ ದಿಕ್ಕಿನಿಂದಲೂ ಚದುರಿ ಬರುತ್ತದೆ. ಅಲ್ಲಿ ಗೋಡೆ ಪೂರ್ತಿ ಮುಚ್ಚುವ ಬದಲು ಕೆಳಗಿನ ಅರ್ಧಕ್ಕೆ ನಿಲ್ಲಿಸುವುದು ಜಾಣತನ.

ಯಾವ ಫೋಮ್

ಸ್ಪ್ರೇ ಫೋಮ್ ಅಂದರೆ ಪಾಲಿಯುರಿಥೇನ್. ಗೋಡೆಗೆ ಹೊಡೆಯುವುದರಲ್ಲಿ ಎರಡು ದ್ರವ ಬೇರೆ ಬೇರೆ ಸಿಲಿಂಡರಿನಲ್ಲಿ ಇರುತ್ತವೆ: ಎ ಬದಿಯಲ್ಲಿ ಐಸೊಸೈನೇಟ್, ಬಿ ಬದಿಯಲ್ಲಿ ಪಾಲಿಯಾಲ್ ಮತ್ತು ಅದರ ಜೊತೆ ವೇಗವರ್ಧಕ, ಉಬ್ಬಿಸುವ ಅನಿಲ, ಬೆಂಕಿ ತಡೆಯುವ ರಾಸಾಯನಿಕ. ಗನ್ನಿನ ನಾಝಲ್‌ನಲ್ಲಿ ಎರಡೂ ಸಮಸಮ ಬೆರೆತು, ಗೋಡೆಗೆ ತಾಗಿ, ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ಗಟ್ಟಿಯಾಗುತ್ತವೆ.

ಓಪನ್ ಸೆಲ್, ಕ್ಲೋಸ್ಡ್ ಸೆಲ್ ಎಂಬ ಎರಡು ಬಗೆಯಲ್ಲಿ ಹಸಿರುಮನೆಗೆ ಕ್ಲೋಸ್ಡ್ ಸೆಲ್ ಮಾತ್ರ. ಇದರಲ್ಲಿ ಚೌಕಾಸಿ ಬೇಡ. ಓಪನ್ ಸೆಲ್ ಅಂದರೆ ಗುಳ್ಳೆಗಳು ಬಾಯ್ತೆರೆದಿರುವ, ಘನ ಮೀಟರಿಗೆ ಸುಮಾರು 8 ಕಿಲೋ ತೂಗುವ ಸ್ಪಂಜು. ಹಸಿರುಮನೆಯ ತೇವ ಅದರೊಳಗೆ ಹಾದು, ಹಿಂದಿನ ತಣ್ಣನೆ ಹಾಳೆಯ ಮೇಲೆ ನೀರಾಗಿ ನಿಂತು, ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಕೊಳೆಯುತ್ತದೆ. ಕ್ಲೋಸ್ಡ್ ಸೆಲ್ ಘನ ಮೀಟರಿಗೆ 32 ಕಿಲೋ ಆಸುಪಾಸು, ಕೈಯಲ್ಲಿ ಒತ್ತಿದರೆ ತಗ್ಗುವುದಿಲ್ಲ, 50 ಮಿಮೀ ದಪ್ಪಕ್ಕೆ ಆವಿಯನ್ನೂ ತಡೆಯುತ್ತದೆ. ಅದೇ ದಪ್ಪಕ್ಕೆ ಓಪನ್ ಸೆಲ್‌ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ.

ಗೋಡೆ ಬೆವರುವುದೂ ಇದರಿಂದ ನಿಲ್ಲುತ್ತದೆ. ಒಳಗೆ 15 ಡಿಗ್ರಿ, ಶೇ. 85ರಷ್ಟು ತೇವಾಂಶ ಇದ್ದಾಗ 12.5 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲಾದರೂ ನೀರು ಕೂರುತ್ತದೆ. ಹೊರಗೆ 0 ಇದ್ದರೆ ಬರೀ ಹಾಳೆಯ ಒಳಮೈ 9 ಡಿಗ್ರಿ, ಫೋಮಿನ ಒಳಮೈ 14 ಡಿಗ್ರಿ. ಮೊದಲನೆಯದು ತೊಟ್ಟಿಕ್ಕುತ್ತದೆ, ಎರಡನೆಯದು ಒಣಗಿರುತ್ತದೆ. ಆದರೆ ನಡುವೆ ಒಂದು ಅಲ್ಯೂಮಿನಿಯಂ ಕಂಬವನ್ನು ಬೋಳಾಗಿ ಬಿಟ್ಟಿರೋ, ನೀರೆಲ್ಲ ಅಲ್ಲೇ ಇಳಿಯುತ್ತದೆ. ಫೋಮಿಗಿಂತ ಅಲ್ಯೂಮಿನಿಯಂ ಸಾವಿರಾರು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಕಂಬಗಳ ಒಳಮೈಯನ್ನೂ ಕನಿಷ್ಠ 20 ಮಿಮೀ ಫೋಮಿನಲ್ಲಿ ಹೂತುಬಿಡಿ.

ಗೋಡೆ ಚಪ್ಪಟೆಯಾಗಿದ್ದರೆ ಸ್ಪ್ರೇಗಿಂತ ಗಟ್ಟಿ ಫೋಮ್ ಹಲಗೆ ಕತ್ತರಿಸಿ ಕೂರಿಸಿ, ಅಂಚಿಗೆ ಮಾತ್ರ ಕ್ಯಾನ್ ಫೋಮ್ ಹೊಡೆಯುವುದೇ ಮೇಲು. ಅಗ್ಗ, ಸುರಕ್ಷಿತ, ಬೇಡವೆಂದಾಗ ಕಿತ್ತು ಹಾಕಬಹುದು. ಸ್ಪ್ರೇಯ ಬೆಲೆ ಗೊತ್ತಾಗುವುದು ಅಲೆಅಲೆಯಾದ ತಗಡು, ಒರಟು ಕಲ್ಲುಗೋಡೆ, ಬಾಗಿದ ಮೈ, ಕಂಬ ಪೈಪು ಅಡ್ಡಾದಿಡ್ಡಿ ಹಾದಿರುವ ಮೂಲೆಗಳಲ್ಲಿ. ಅಲ್ಲಿ ಯಾವ ಹಲಗೆಯೂ ಕೂರುವುದಿಲ್ಲ.

ಸಂದು ಮುಚ್ಚುವುದು

ಗಾಳಿ ಎಲ್ಲಿ ಸೋರುತ್ತದೆ ಅನ್ನುವುದನ್ನು ಕಣ್ಣಿಗಿಂತ ಊದುಬತ್ತಿ ಚೆನ್ನಾಗಿ ಹೇಳುತ್ತದೆ. ಗಾಳಿ ಬೀಸುವ ಸಂಜೆ ಕಿಟಕಿ ಬಾಗಿಲು ಮುಚ್ಚಿ, ಹೊಗೆಯನ್ನು ತಳಪಟ್ಟಿ, ಮೂಲೆ, ಚಾವಣಿ ಗೋಡೆ ಕೂಡುವ ಗೆರೆ, ತುದಿಯ ಪಟ್ಟಿ ಎಲ್ಲದರ ಉದ್ದಕ್ಕೂ ನಿಧಾನ ಒಯ್ಯಿರಿ. ಹೊಗೆ ಅಡ್ಡ ಹಾರಿದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಇದನ್ನು ಫೋಮ್ ಹೊಡೆಯುವ ಮೊದಲೇ ಮುಗಿಸಬೇಕು. ಕ್ಯಾನಿನಲ್ಲಿರುವ ಅನಿಲ ಹೊತ್ತಿಕೊಳ್ಳುವಂಥದು, ಪಕ್ಕದಲ್ಲಿ ಕಿಡಿ ಇರಬಾರದು.

ಕ್ಯಾನಿನ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಹಾಗಾಗಿ ಧೂಳು ಗುಡಿಸಿ, ಪಾಚಿ ಕೆರೆದು, ಎಣ್ಣೆ ಒರೆಸಿದ ಸಂದಿಗೆ ನೀರನ್ನು ಮಂಜಿನಂತೆ ಒಮ್ಮೆ ಸಿಂಪಡಿಸಿ. ಮೈ ತೇವವಾದರೆ ಸಾಕು, ಹನಿ ನಿಂತರೆ ಫೋಮಿನಲ್ಲಿ ದೊಡ್ಡ ಗುಳ್ಳೆಗಳೆದ್ದು ಟೊಳ್ಳಾಗುತ್ತದೆ. ಕ್ಯಾನು ಸುಮಾರು 20 ಡಿಗ್ರಿಯಲ್ಲಿರಲಿ. ತಣ್ಣಗಿದ್ದರೆ ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಒಲೆ ಹತ್ತಿರ ಬೇಡವೇ ಬೇಡ. ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಿ, ತಲೆಕೆಳಗು ಹಿಡಿದು ಹೊಡೆಯಿರಿ. ನೆಟ್ಟಗೆ ಹಿಡಿದರೆ ಅನಿಲ ಮೊದಲು ಹೋಗಿ, ಒಳಗಿನ ದ್ರವ ಅಲ್ಲೇ ಉಳಿಯುತ್ತದೆ.

ನಳಿಗೆಯ ತುದಿಯನ್ನು ಸಂದಿನ ಆಳಕ್ಕೆ ತೂರಿಸಿ, ತುಂಬುತ್ತಾ ಹಿಂದಕ್ಕೆ ಎಳೆಯಿರಿ. ಅರ್ಧ ತುಂಬಿದರೆ ಸಾಕು, ಉಳಿದರ್ಧವನ್ನು ಅದೇ ಉಬ್ಬಿ ತುಂಬಿಕೊಳ್ಳುತ್ತದೆ. ಪೂರ್ತಿ ತುಂಬಿದರೆ ಹೊರಚೆಲ್ಲಿದ್ದನ್ನೆಲ್ಲ ಕತ್ತರಿಸಿ ಎಸೆಯಬೇಕು. 10 ಮಿಮೀ ಅಗಲ, 20 ಮಿಮೀ ಆಳದ ಸಂದಿಗೆ ಮೀಟರಿಗೆ 0.2 ಲೀಟರ್ ಫೋಮ್ ಹಿಡಿಸುತ್ತದೆ. 750 ಮಿಲೀ ಕ್ಯಾನಿನ ಮೇಲೆ 30 ಲೀಟರಿಗೂ ಹೆಚ್ಚು ಅಂತ ಬರೆದಿದ್ದರೂ ಅದು ತಡೆಯಿಲ್ಲದೆ ಉಬ್ಬಿದ ಲೆಕ್ಕ. ಇಕ್ಕಟ್ಟಿನಲ್ಲಿ ಅಷ್ಟು ಉಬ್ಬುವುದಿಲ್ಲ, ಕೈ ಪಳಗುವ ತನಕ ಚೆಲ್ಲುವುದೂ ಇದ್ದೇ ಇದೆ. ಕ್ಯಾನಿಗೆ 30–40 ಮೀಟರ್ ಸಂದು ಅಂತ ಎಣಿಸಿಕೊಳ್ಳಿ. ನಳಿಗೆಯ ಕ್ಯಾನನ್ನು ಒಮ್ಮೆ ತೆರೆದರೆ ಅದೇ ದಿನ ಮುಗಿಸಬೇಕು, ಮರುದಿನಕ್ಕೆ ನಳಿಗೆಯೊಳಗೇ ಕಲ್ಲಾಗಿರುತ್ತದೆ. ಬಿಟ್ಟುಬಿಟ್ಟು ಮಾಡುವವರು ಗನ್ನಿಗೆ ತಿರುಗಿಸಿ ಹಾಕುವ ಕ್ಯಾನ್ ತರಲಿ.

ಹತ್ತು ನಿಮಿಷದಲ್ಲಿ ಮೇಲೆ ಸಿಪ್ಪೆ ಕಟ್ಟುತ್ತದೆ. ಆಗ ಬೆರಳಿನಿಂದ ಒತ್ತಿ ನಯ ಮಾಡಲು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಒಳಗಿನ ಗುಳ್ಳೆಗಳು ಒಡೆದು ಫೋಮ್ ಕುಸಿಯುತ್ತದೆ, ಬೆರಳಿಗೆ ಹತ್ತಿದ್ದು ವಾರವಾದರೂ ಬಿಡುವುದಿಲ್ಲ. ಹಸಿ ಫೋಮಿಗೆ ಅಸಿಟೋನ್ ಇದೆ, ಒಣಗಿದ್ದಕ್ಕೆ ಕೆರೆಯುವುದೊಂದೇ ದಾರಿ. ಅಸಿಟೋನ್ ಪಾಲಿಕಾರ್ಬೊನೇಟನ್ನು ಬಿಳಿಚಿಸಿ ಬಿರುಕು ಬಿಡಿಸುತ್ತದೆ, ಹಾಳೆಯ ಹತ್ತಿರ ತರಬೇಡಿ. ಒಂದು ಗಂಟೆಯ ಬಳಿಕ ಉದ್ದ ಅಲಗಿನ ಚೂಪು ಕತ್ತಿಯಿಂದ ಉಬ್ಬನ್ನು ಕತ್ತರಿಸಬಹುದು. ಪೂರ್ತಿ ಗಟ್ಟಿಯಾಗಲು ಒಂದು ದಿನ.

ಬಾಗಿಲು, ಕಿಟಕಿಯ ಚೌಕಟ್ಟಿಗೆ ಕಡಿಮೆ ಉಬ್ಬುವ ಬಗೆಯೇ ಬೇಕು. ಸಾಧಾರಣ ಫೋಮ್ ಚೌಕಟ್ಟನ್ನು ಒಳಕ್ಕೆ ತಳ್ಳಿ ಬಾಗಿಲು ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ಗಾಜಿನ ಅಂಚಿಗೆ ಬಿಗಿಯಾಗಿ ತುಂಬಿದರೆ ಗಾಜು ಸೀಳುವುದೂ ಉಂಟು.

ಮುಚ್ಚಲೇಬಾರದ ಸಂದುಗಳೂ ಇವೆ. ಪಾಲಿಕಾರ್ಬೊನೇಟ್ ಹಾಳೆಯ ಕೆಳಗಿನ ಅಂಚಿನಲ್ಲಿ ಎರಡು ಪದರಗಳ ನಡುವಿನ ಕೊಳವೆಗಳ ಬಾಯಿ ಇರುತ್ತದೆ. ಅದಕ್ಕೆ ಗಾಳಿಯಾಡುವ ಟೇಪ್ ಹಾಕಿರುವುದು ಒಳಗೆ ಕೂಡಿದ ನೀರು ಇಳಿದು ಹೋಗಲಿ ಅಂತ. ಅದರ ಮೇಲೆ ಫೋಮ್ ಹೊಡೆದರೆ ಒಂದೇ ಮಳೆಗಾಲದಲ್ಲಿ ಕೊಳವೆಗಳ ಒಳಗೆ ಹಸಿರು ಪಾಚಿಯ ಗೆರೆಗಳು ಏಳುತ್ತವೆ. ಹಾಳೆ ಬಿಚ್ಚದೆ ತೊಳೆಯಲಾಗುವುದಿಲ್ಲ. ತಳಪಟ್ಟಿಯ ನೀರಿಳಿಯುವ ತೂತುಗಳಿಗೆ ಹೊಡೆಯುವ ಮೊದಲು ಒಂದೊಂದು ಮೊಳೆ ಸಿಕ್ಕಿಸಿ, ಮುಗಿದ ಮೇಲೆ ಕೀಳಿ. ತಾನಾಗಿ ತೆರೆಯುವ ಕಿಟಕಿಯ ಕೈ, ಕೀಲು, ಜಾರುವ ಬಾಗಿಲಿನ ಹಳಿ, ಇವುಗಳ ಗೋಜಿಗೆ ಹೋಗದೆ ಬ್ರಷ್ ಪಟ್ಟಿ ಅಥವಾ ರಬ್ಬರ್ ಪಟ್ಟಿ ಹಾಕಿ.

ಒಳಗೆ ಚಿಮಣಿ ಇಲ್ಲದ ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರ್ ಇದ್ದರೆ ಗಾಳಿ ಒಳಬರಲು ದಾರಿ ಬಿಡಲೇಬೇಕು. ಸಂದು ಮುಚ್ಚಿದ ಮನೆಯಲ್ಲಿ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಮನುಷ್ಯರಿಗೆ, ಎಥಿಲೀನ್ ಗಿಡಗಳಿಗೆ ಕಂಟಕ. ಟೊಮೆಟೊ ಎಲೆಗಳು ಕಾರಣವಿಲ್ಲದೆ ಕೆಳಕ್ಕೆ ಮುದುಡಿ ಹೂ ಉದುರತೊಡಗಿದರೆ ಮೊದಲು ಹೀಟರ್ ಕಡೆ ನೋಡಿ.

ಗೋಡೆಗೆ ಹೊಡೆಯುವುದು

ಫೋಮನ್ನು ನೇರವಾಗಿ ಪಾಲಿಕಾರ್ಬೊನೇಟ್ ಹಾಳೆಗೆ ಹೊಡೆಯಬೇಡಿ. 3 ಮೀಟರ್ ಹಾಳೆ 40 ಡಿಗ್ರಿ ಏರಿಳಿತಕ್ಕೆ ಸುಮಾರು 8 ಮಿಮೀ ಹಿಗ್ಗಿ ಕುಗ್ಗುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಅಷ್ಟೇ ಉದ್ದಕ್ಕೆ 3 ಮಿಮೀ ಕೂಡ ಹಿಗ್ಗುವುದಿಲ್ಲ. ಎರಡನ್ನೂ ಫೋಮ್ ಸೇರಿಸಿ ಅಂಟಿಸಿದರೆ ಒಂದಲ್ಲ ಒಂದು ಕಡೆ ಬಿಟ್ಟುಕೊಳ್ಳಲೇಬೇಕು. ಬಿಟ್ಟ ಜಾಗದಲ್ಲಿ ನೀರು ಸೇರುತ್ತದೆ. ಹಾಳೆ ಬದಲಿಸುವ ದಿನ ಬಂದಾಗಂತೂ ಗೋಡೆಯನ್ನೇ ಒಡೆಯಬೇಕು. ಪಾಲಿಥಿನ್ ಹೊದಿಕೆಗೆ ಫೋಮ್ ಅಂಟುವುದೇ ಇಲ್ಲ, ಒಣಗಿದ ಮೇಲೆ ಇಡಿಯಾಗಿ ಕಳಚಿ ಬೀಳುತ್ತದೆ. ಈ ಗುಣ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ: ಫೋಮ್ ತಾಗಬಾರದ ಎಲ್ಲದಕ್ಕೂ ಪಾಲಿಥಿನ್ ಸುತ್ತಿ.

ಕಂಬಗಳ ನಡುವೆ 9 ಮಿಮೀ ನೀರು ತಡೆಯುವ ಪ್ಲೈವುಡ್ ಅಥವಾ ಸಿಮೆಂಟ್ ಹಲಗೆ ಸ್ಕ್ರೂ ಹಾಕಿ ಕೂರಿಸಿ, ಅದರ ಒಳಮೈಗೆ ಹೊಡೆಯುವುದು ಒಳ್ಳೆಯ ದಾರಿ. ಹಲಗೆಗೂ ಹಾಳೆಗೂ ನಡುವೆ ಬೆರಳಗಲ ಜಾಗ ಬಿಟ್ಟರೆ ಹಾಳೆ ತನ್ನ ಪಾಡಿಗೆ ಹಿಗ್ಗುತ್ತದೆ. ಮರ ಒಣಗಿರಬೇಕು, ತೇವಾಂಶ ಶೇ. 19 ಮೀರಬಾರದು. ಹಸಿ ಮರದ ಮೇಲೆ ಹೊಡೆದರೆ ಅದನ್ನು ಕೊಳೆಯಲು ಮುಚ್ಚಿಟ್ಟಂತೆ. ಕಬ್ಬಿಣದ ತುಕ್ಕನ್ನು ಉಜ್ಜಿ ಪ್ರೈಮರ್ ಹಚ್ಚಿ. ವೈರುಗಳನ್ನು ಫೋಮಿನಲ್ಲಿ ಹೂಳಬೇಡಿ, ಅವುಗಳ ಬಿಸಿ ಹೊರಹೋಗುವುದಿಲ್ಲ. ಪೈಪಿನಲ್ಲಿ ಹಾಕಿ ಫೋಮಿನ ಮೇಲಿಂದ ಒಯ್ಯಿರಿ.

12 ಚದರ ಮೀಟರಿಗೆ 50 ಮಿಮೀ ಅಂದರೆ 0.6 ಘನ ಮೀಟರ್ ಫೋಮ್, ತೂಕದಲ್ಲಿ ಸುಮಾರು 19 ಕಿಲೋ. ಐದನೇ ಒಂದು ಭಾಗ ಪೋಲಿಗೆ ಸೇರಿಸಿ 0.72 ಘನ ಮೀಟರ್ ಹಿಡಿಯಿರಿ. ಕಿಟ್ಟುಗಳ ಮೇಲೆ ಬೋರ್ಡ್ ಫುಟ್ ಎಂಬ ಅಳತೆ ಇರುತ್ತದೆ: ಒಂದು ಚದರ ಅಡಿಗೆ ಒಂದು ಇಂಚು ದಪ್ಪ. ನಮ್ಮ ಗೋಡೆಗೆ ಸುಮಾರು 300 ಬೇಕು. 200ರ ಒಂದು ಕಿಟ್ಟು ತಂದರೆ ಮಧ್ಯದಲ್ಲಿ ಕೈಕೊಡುತ್ತದೆ.

ಸಿಲಿಂಡರಿನ ಒಳಗಿನ ದ್ರವ 21ರಿಂದ 29 ಡಿಗ್ರಿಯಲ್ಲಿರಬೇಕು. ಸಿಲಿಂಡರಿನ ಹೊರಮೈ ಮುಟ್ಟಿ ನೋಡಿ ಬೆಚ್ಚಗಿದೆ ಅಂದುಕೊಳ್ಳಬೇಡಿ, ನಡುವಿನ ದ್ರವ ಬಿಸಿಯಾಗಲು ಒಂದು ದಿನವೇ ಹಿಡಿಯುತ್ತದೆ. ಹಿಂದಿನ ದಿನವೇ ಬೆಚ್ಚಗಿನ ಕೋಣೆಯಲ್ಲಿಡಿ. ಕೆಲಸ ಬಹಳ ಸಲ ಕೆಡುವುದು ಇಲ್ಲೇ. ತಣ್ಣಗಿನ ದ್ರವ ಮಂದವಾಗುತ್ತದೆ, ಎರಡೂ ಒಂದೇ ಸಮ ಹರಿಯುವುದಿಲ್ಲ, ಬೆರಕೆಯ ಪ್ರಮಾಣ ತಪ್ಪುತ್ತದೆ. ಹೊಡೆಯಬೇಕಾದ ಮೈ ಎಷ್ಟು ಬೆಚ್ಚಗಿರಬೇಕು ಅನ್ನುವುದು ಕಿಟ್ಟಿನ ಸೂಚನೆಯ ಹಾಳೆಯಲ್ಲಿರುತ್ತದೆ. ಮುಟ್ಟಿದರೆ ಚಳಿ ಅನ್ನಿಸುವ ಗೋಡೆಗೆ, ಬೆವರಿದ ಗೋಡೆಗೆ ಹೊಡೆಯಬೇಡಿ.

ಮೊದಲ ಹೊಡೆತ ಗೋಡೆಗಲ್ಲ, ರಟ್ಟಿನ ತುಂಡಿಗೆ. ಒಂದು ಅಂಗೈಯಗಲ ಹೊಡೆದು, ಐದು ನಿಮಿಷ ಬಿಟ್ಟು ಕತ್ತರಿಸಿ ನೋಡಿ. ಬಣ್ಣ ಒಂದೇ ಸಮನಾಗಿ, ಗುಳ್ಳೆಗಳು ಸಣ್ಣಗೆ, ಕತ್ತರಿಸಿದ ಮೈ ಗಟ್ಟಿಯಾಗಿದ್ದರೆ ಸರಿ. ಬಣ್ಣ ಗಾಢವಾಗಿ, ಉಗುರು ಒತ್ತಿದರೆ ಹಪ್ಪಳದಂತೆ ಮುರಿದು ಪುಡಿಯಾದರೆ ಎ ಬದಿ ಹೆಚ್ಚಾಗಿದೆ. ಮೆತ್ತಗಿದ್ದು, ಕೈಗೆ ಅಂಟಿ, ಮೀನಿನಂಥ ವಾಸನೆ ಬಂದರೆ ಬಿ ಬದಿ ಹೆಚ್ಚು. ಇದು ಆಮೇಲೆ ಕುಗ್ಗಿ ಅಂಚು ಬಿಡುತ್ತದೆ, ವಾಸನೆ ತಿಂಗಳಾದರೂ ಹೋಗುವುದಿಲ್ಲ. ಎರಡರಲ್ಲಿ ಯಾವುದು ಕಂಡರೂ ನಿಲ್ಲಿಸಿ. ನಾಝಲ್ ಬದಲಿಸಿ, ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ, ಬಿಸಿ ಅಳೆಯಿರಿ, ಇನ್ನೊಂದು ರಟ್ಟಿಗೆ ಹೊಡೆಯಿರಿ. ಕೆಟ್ಟ ಫೋಮಿನ ಮೇಲೆ ಒಳ್ಳೆಯದನ್ನು ಹೊಡೆದು ಮುಚ್ಚಿದರೆ ಎರಡೂ ಸೇರಿ ಬೀಳುತ್ತವೆ. ಗೋಡೆಗೆ ಬಿದ್ದ ಕೆಟ್ಟದ್ದನ್ನು ಕೆರೆದೇ ತೆಗೆಯಬೇಕು.

ಗೋಡೆಯಿಂದ ಅರ್ಧ ಮೀಟರ್ ದೂರ ನಿಂತು, ಗನ್ನನ್ನು ನೇರ ಹಿಡಿದು, ಕೆಳಗಿಂದ ಮೇಲಕ್ಕೆ ಅಡ್ಡಪಟ್ಟಿಗಳಲ್ಲಿ ಹೊಡೆಯಿರಿ. ಪ್ರತಿ ಪಟ್ಟಿ ಹಿಂದಿನದರ ಅರ್ಧ ಮುಚ್ಚಲಿ. 50 ಮಿಮೀ ಬೇಕಿದ್ದರೂ ಒಂದೇ ಸಲ ಬೇಡ, 25ರ ಎರಡು ಪದರ ಸರಿ. ಫೋಮ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಹುಟ್ಟಿದ ಬಿಸಿಯನ್ನು ತಾನೇ ಹೊರಬಿಡುವುದಿಲ್ಲ. ದಪ್ಪ ಹೊಡೆದರೆ ಒಳಗೆ ಸುಟ್ಟು ಕಂದಾಗುತ್ತದೆ, ಸೀಳುತ್ತದೆ. ತೀರಾ ದಪ್ಪವಾದರೆ ಬೆಂಕಿಯೇ ಹತ್ತಬಹುದು. ಕತ್ತರಿಸಿದ ರಾಶಿಯನ್ನೂ ಬಿಸಿ ಇರುವಾಗ ಚೀಲಕ್ಕೆ ತುಂಬಬೇಡಿ. ಮೊದಲ ಪದರ ಕೈ ಮುಟ್ಟಿದರೆ ತಣ್ಣಗೆ ಅನ್ನಿಸುವ ತನಕ ಕಾಯಿರಿ.

ಗನ್ನು ಅರ್ಧ ನಿಮಿಷ ಸುಮ್ಮನಿದ್ದರೆ ನಾಝಲ್ ಒಳಗೇ ಕಟ್ಟಿಕೊಳ್ಳುತ್ತದೆ. ಹತ್ತಾದರೂ ಬಿಡಿ ನಾಝಲ್ ಜೇಬಿನಲ್ಲಿರಲಿ. ಕಟ್ಟಿದ ನಾಝಲ್‌ನಲ್ಲಿ ಟ್ರಿಗರ್ ಒತ್ತಿ ದೂಡಲು ಹೋದರೆ ಒಂದು ಬದಿಯ ದ್ರವ ಇನ್ನೊಂದು ಬದಿಗೆ ನುಗ್ಗಿ ಗನ್ನೇ ಹಾಳಾಗುತ್ತದೆ.

ಮೈಗೆ, ಉಸಿರಿಗೆ

ಐಸೊಸೈನೇಟ್ ವಿಷಯದಲ್ಲಿ ಉದಾಸೀನ ಸಲ್ಲದು. ಒಮ್ಮೆ ದೇಹಕ್ಕೆ ಅದರ ಅಲರ್ಜಿ ಬಂತೆಂದರೆ ಮುಂದೆ ಅತ್ಯಲ್ಪ ಪ್ರಮಾಣಕ್ಕೂ ಆಸ್ತಮಾ ಕೆರಳಬಹುದು, ಅದು ಮರಳಿ ಹೋಗುವುದು ಕಷ್ಟ. ಧೂಳಿನ ಬಟ್ಟೆ ಮಾಸ್ಕ್ ಇದಕ್ಕೆ ಏನೂ ಅಲ್ಲ. ಸಾವಯವ ಆವಿಯ ಕಾರ್ಟ್ರಿಜ್ ಮತ್ತು ಕಣ ತಡೆಯುವ ಫಿಲ್ಟರ್ ಎರಡೂ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಗಡ್ಡ ಇದ್ದರೆ ಅದು ಕೂರುವುದಿಲ್ಲ. ನೈಟ್ರೈಲ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ತಲೆ ಮುಚ್ಚುವ ಉಡುಪು ಇರಲಿ. ದೊಡ್ಡ ಯಂತ್ರದಿಂದ ಒತ್ತಡದಲ್ಲಿ ಹೊಡೆಯುವ ಕೆಲಸಕ್ಕೆ ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕೇ ಆಗಬೇಕು, ಅದು ಕಸುಬಿನವರ ಕೆಲಸ.

ಗಿಡ, ಬೀಜದ ಟ್ರೇ, ತೊಟ್ಟಿಯ ನೀರು ಎಲ್ಲ ಹೊರಗೆ ಹೋಗಲಿ. ಹೀಟರಿನ ಸಣ್ಣ ಜ್ವಾಲೆಯನ್ನೂ ಆರಿಸಿ. ಮುಗಿದ ಮೇಲೆ ಬಾಗಿಲು ಕಿಟಕಿ ತೆರೆದು ಒಂದು ದಿನ ಯಾರೂ ಒಳಗೆ ಹೋಗಬೇಡಿ.

ಹೊಡೆದ ಮೇಲೆ

ಬೋಳು ಫೋಮನ್ನು ಬಿಸಿಲು ತಿನ್ನುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಕೈ ಸವರಿದರೆ ಉದುರುವ ಪುಡಿ. ಎದುರು ಹಾಳೆಯಿಂದ ಬಿಸಿಲು ನೇರ ಬಂದು ಬೀಳುವ ಗೋಡೆ ಇದು, ತಡಮಾಡಬೇಡಿ. ಒಂದು ದಿನ ಆರಿದ ಮೇಲೆ ಹೊರಾಂಗಣಕ್ಕೆ ತಕ್ಕ ಬಿಳಿ ಅಕ್ರಿಲಿಕ್ ಲೇಪನ ಎರಡು ಕೈ ಬಳಿಯಿರಿ. ಬಿಳಿ ಗೋಡೆ ಬೆಳಕನ್ನು ಗಿಡಗಳ ಬೆನ್ನಿಗೆ ತಿರುಗಿಸುತ್ತದೆ ಅನ್ನುವುದು ಮೇಲುಲಾಭ. ಹೀಟರ್ ಅಥವಾ ಬಿಸಿಯಾಗುವ ದೀಪದ ಹತ್ತಿರದ ಭಾಗಕ್ಕೆ ಇದು ಸಾಲದು, ಸಿಮೆಂಟ್ ಹಲಗೆ ಮುಚ್ಚಬೇಕು. ಬೆಂಕಿ ತಡೆಯುವ ರಾಸಾಯನಿಕ ಬೆರೆಸಿದ್ದಾರೆ ಅಂದರೆ ಫೋಮ್ ಉರಿಯುವುದಿಲ್ಲ ಅಂತಲ್ಲ, ತಡವಾಗಿ ಉರಿಯುತ್ತದೆ ಅಂತ. ಅದರ ಹೊಗೆ ವಿಷ.

ಮಣ್ಣಿಗೆ ತಾಗುವ ಕಡೆ ಸ್ಪ್ರೇ ಬೇಡ. ತಳಪಾಯದ ಹೊರಗೆ 50 ಮಿಮೀ ದಪ್ಪದ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ಫೋಮ್) ಹಲಗೆಯನ್ನು 60 ಸೆಂ.ಮೀ ಆಳಕ್ಕೆ ಹೂಳುವುದೇ ಸರಿ. ಇಲಿ, ಇರುವೆ, ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಆದರೆ ಕೊರೆದು ಬೆಚ್ಚಗೆ ಮನೆ ಮಾಡುತ್ತವೆ. ತಳದ ಸಂದಿನಲ್ಲಿ ಫೋಮ್ ಹೊಡೆಯುವ ಮೊದಲು ತಂತಿಬಲೆಯ ಪಟ್ಟಿ ತುರುಕಿದರೆ ಇಲಿಗೆ ಹಲ್ಲು ಊರುವುದಿಲ್ಲ. ಗೆದ್ದಲಿರುವ ಕಡೆ ನೆಲದಿಂದ 15 ಸೆಂ.ಮೀ ಎತ್ತರದವರೆಗೆ ಗೋಡೆಯನ್ನು ಫೋಮಿಲ್ಲದೆ ಬೋಳಾಗಿ ಬಿಡಿ. ಮಣ್ಣಿನ ಕೊಳವೆ ಏರುತ್ತಿದ್ದರೆ ಆ ಪಟ್ಟಿಯಲ್ಲಿ ಕಣ್ಣಿಗೆ ಬೀಳುತ್ತದೆ. ಚಳಿಗಾಲ ಶುರುವಾಗುವ ಮುನ್ನ ಅಲ್ಲೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ, ಹಾಗೇ ಮೊಳೆ ಕಿತ್ತ ತೂತುಗಳಲ್ಲಿ ನೀರು ಇಳಿಯುತ್ತಿದೆಯೇ ಅಂತ ಒಂದು ಲೋಟ ನೀರು ಸುರಿದು ಪರೀಕ್ಷಿಸಿ.